ಬಿಲಿಯರ್ಡ್ಸಿನ ಯಂತ್ರದ ಕೋಲು

ಬಿಲಿಯರ್ಡ್ಸ್ ಆಟದ ಕೋಲಿಗೆ ‘ಕ್ಯೂ’ ಎಂದು ಹೆಸರು. ಫ್ರೆಂಚ್ ಭಾಷೆಯಿಂದ ಬಂದ ಈ ಮಾತಿಗೆ ಬಾಲ ಎಂದರ್ಥ. ಆಟದ ಮುಖ್ಯ ಸಾಧನಕ್ಕೆ ಬಾಲವೆಂಬ ಹೆಸರು ಬಂದದ್ದೇಕೆ ಎಂದು ವಿಚಾರಿಸಿದರೆ ಅದರ ಇತಿಹಾಸವೇ ತೆರೆದುಕೊಳ್ಳುತ್ತದೆ. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಈ ಆಟವನ್ನು ಆಡುತ್ತಿದ್ದದ್ದು ಕೋಲಿನಿಂದಲ್ಲ, ‘ಮೇಸ್’ ಎಂಬ ಉಪಕರಣದಿಂದ. ಉದ್ದನೆಯ ಹಿಡಿ, ತುದಿಯಲ್ಲಿ ಚಪ್ಪಟೆಯಾದ ಮರದ ತಲೆ. ಆ ತಲೆಯನ್ನು ಮೇಜಿನ ಮೇಲೆ ಇರಿಸಿ ಚೆಂಡನ್ನು ಮುಂದಕ್ಕೆ ತಳ್ಳುವುದೇ ಆಟ. ಆದರೆ ಚೆಂಡು ಮೇಜಿನ ಅಂಚಿಗೆ ಒರಗಿ ನಿಂತಾಗ ಮೇಸಿನ ದಪ್ಪ ತಲೆಗೆ ಅಲ್ಲಿ ಎಡೆ ಸಾಲುತ್ತಿರಲಿಲ್ಲ. ಆಗ ಆಟಗಾರರು ಅದನ್ನು ತಿರುಗಿಸಿ ಹಿಡಿದು ಹಿಂಬದಿಯ ಸಣ್ಣ ತುದಿಯಿಂದ, ಎಂದರೆ ಬಾಲದಿಂದ, ಚೆಂಡಿಗೆ ಹೊಡೆಯುತ್ತಿದ್ದರು. ಕಾಲಕ್ರಮದಲ್ಲಿ ಬಾಲವೇ ಉಳಿದು ತಲೆ ಮರೆಯಾಯಿತು. ಬಾಲದ ಮೊನೆ ಮೇಜಿನ ಬಟ್ಟೆಯನ್ನು ಹರಿದೀತೆಂದು ಹೆಂಗಸರ ಕೈಗೆ ಮಾತ್ರ ಬಹುಕಾಲ ಮೇಸನ್ನೇ ಕೊಡುತ್ತಿದ್ದರಂತೆ. ತಳ್ಳುವುದರಿಂದ ಹೊಡೆಯುವುದಕ್ಕೆ ಆಟ ಸಾಗಿತು. ಇಂದಿನ ಸ್ನೂಕರ್ ನಿಯಮಗಳ ಪ್ರಕಾರ ಚೆಂಡನ್ನು ತಳ್ಳುವುದು ತಪ್ಪು. ಒಂದು ಕಾಲದ ಆಟವೇ ಇನ್ನೊಂದು ಕಾಲಕ್ಕೆ ಅಪರಾಧವಾಯಿತು.

ಬರಿಯ ಮರದ ಬಾಲಕ್ಕೆ ಒಂದು ಕೊರತೆಯಿತ್ತು. ಚೆಂಡಿನ ನಟ್ಟನಡುವೆ ಹೊಡೆದರೆ ಸರಿ. ಸ್ವಲ್ಪ ಪಕ್ಕಕ್ಕೆ ಸರಿದರೆ ಮರ ಜಾರುತ್ತಿತ್ತು. ಈ ಕೊರತೆಯನ್ನು ನೀಗಿಸಿದ ಕೀರ್ತಿ ಫ್ರಾನ್ಸ್ವಾ ಮ್ಯಾಂಗೋ ಎಂಬ ಫ್ರೆಂಚ್ ಸೇನಾಧಿಕಾರಿಗೆ ಸಲ್ಲುತ್ತದೆ. ರಾಜಕೀಯ ಕಾರಣಕ್ಕಾಗಿ ಸೆರೆಮನೆ ಸೇರಿದ ಆತ ಅಲ್ಲಿಯೇ ಬಿಲಿಯರ್ಡ್ಸ್ ಅಭ್ಯಾಸ ಮಾಡಿದನೆಂದೂ, ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವ ಉಪಾಯವನ್ನು ಹದಗೊಳಿಸಿ 1807ರಲ್ಲಿ ಹೊರಬಂದನೆಂದೂ ಹೇಳುತ್ತಾರೆ. 1827ರಲ್ಲಿ ಅವನ ಕೈಚಳಕಗಳ ಪುಸ್ತಕ ಪ್ರಕಟವಾಯಿತು. ಬೆರಳುಗುರಿಗಿಂತ ದೊಡ್ಡದಲ್ಲದ ಆ ಚರ್ಮದ ತುಣುಕು ಚೆಂಡನ್ನು ಕ್ಷಣಮಾತ್ರ ಹಿಡಿದುಕೊಳ್ಳಬಲ್ಲುದು. ಹಾಗಾಗಿ ಚೆಂಡಿಗೆ ಪಕ್ಕದ ತಿರುಗಣೆ ಕೊಡಬಹುದು. ಎದುರಿನ ಚೆಂಡಿಗೆ ತಾಗಿದ ಮೇಲೆ ಹಿಂದಕ್ಕೆ ಬರುವಂತೆ ಮಾಡಬಹುದು. ವೀಣೆಯ ತಂತಿಗೂ ಬೆರಳಿಗೂ ನಡುವೆ ನಖಿ ಇರುವಂತೆ, ಕೋಲಿಗೂ ಚೆಂಡಿಗೂ ನಡುವೆ ಈ ಚರ್ಮ.

ಚರ್ಮದ ಹಿಂದೆಯೇ ಸುಣ್ಣದ ಪುಡಿ ಬಂತು. ಇಂಗ್ಲೆಂಡಿನ ಬಾತ್ ನಗರದ ಜ್ಯಾಕ್ ಕಾರ್ ಎಂಬ ಮಾರ್ಕರನು ತನ್ನ ಕೈಚಳಕವೆಲ್ಲ ಒಂದು ವಿಶೇಷ ಚಾಕಿನ ಮಹಿಮೆಯೆಂದು ನಂಬಿಸಿ, ಸಾಮಾನ್ಯ ಚಾಕನ್ನೇ ಒಳ್ಳೆಯ ಬೆಲೆಗೆ ಮಾರಿದನೆಂಬ ಕಥೆ ಪ್ರಚಲಿತವಾಗಿದೆ. ನಿಜವಾದ ಸುಧಾರಣೆ ಬಂದದ್ದು 1897ರಲ್ಲಿ. ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ ಸಿಲಿಕಾ ಮೊದಲಾದ ಒರಟು ಪುಡಿಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಚಾಕ್ ಎಂದು ಕರೆಸಿಕೊಳ್ಳುವ ಆ ನೀಲಿ ಅಥವಾ ಹಸಿರು ಗಟ್ಟಿಯಲ್ಲಿ ಶಾಲೆಯ ಬಳಪದ ಅಂಶವಿಲ್ಲ. ಇತ್ತ ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಮೇಜಿಗೆ ಮರದ ಹಲಗೆಯ ಬದಲು ಸ್ಲೇಟುಕಲ್ಲಿನ ತಳವನ್ನು ಅಳವಡಿಸಿದ. ಮುಂದೆ ಅಂಚುಗಳಿಗೆ ರಬ್ಬರು ಬಂತು.

ಈ ಸುಧಾರಣೆಗಳಲ್ಲಿ ಯಾವುದೂ ಆಟವನ್ನು ಸುಲಭ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಚರ್ಮದ ತುದಿ ಬರುವ ಮುನ್ನ ಆಟಗಾರನು ತಪ್ಪುವುದಕ್ಕೆ ಇದ್ದ ದಾರಿಗಳು ಕೆಲವೇ. ಬಂದ ಮೇಲೆ ನೂರಾರು. ಕೈಗೆ ಹೊಸ ಶಕ್ತಿ ದೊರೆತಂತೆಲ್ಲ ಹೊಸ ಹೊಣೆಯೂ ದೊರೆಯಿತು. 1835ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋರಿಯೋಲಿಸ್ ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತೇ ಒಂದು ಗ್ರಂಥ ಬರೆದದ್ದು ಇದೇ ಕಾರಣದಿಂದ ಇರಬೇಕು. ಭೂಮಿಯ ತಿರುಗುವಿಕೆಯಿಂದ ಗಾಳಿಯ ದಿಕ್ಕು ಬದಲಾಗುವುದನ್ನು ವಿವರಿಸುವಾಗ ನಾವು ಸ್ಮರಿಸುವ ಕೋರಿಯೋಲಿಸ್ ಇವನೇ. ನೆಲದಿಂದ ಚೆಂಡಿನ ಎತ್ತರದ ಹತ್ತರಲ್ಲಿ ಏಳು ಪಾಲಿನಷ್ಟು ಮೇಲೆ ಅಡ್ಡಲಾಗಿ ಹೊಡೆದರೆ ಚೆಂಡು ಜಾರದೆ ಮೊದಲ ಕ್ಷಣದಿಂದಲೇ ಉರುಳುತ್ತದೆ. ಅದಕ್ಕಿಂತ ಕೆಳಗೆ ಹೊಡೆದರೆ ಮೊದಲು ಜಾರಿ, ಬಟ್ಟೆಯ ಘರ್ಷಣೆಯಿಂದ ಆಮೇಲೆ ಉರುಳತೊಡಗುತ್ತದೆ. ಕೋಲಿನ ತುದಿ ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಬಲ, ದಿಕ್ಕು, ಎತ್ತರ, ಓರೆ ಇವೆಲ್ಲವೂ ಆ ಅಲ್ಪಕಾಲದಲ್ಲಿ ತೀರ್ಮಾನವಾಗಬೇಕು. ತೀರ್ಮಾನಿಸುವುದು ಅದಕ್ಕೂ ಮುಂಚೆ ತೂಗಿ ಬಂದ ತೋಳು.

ಇಂಥ ತೋಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದಲ್ಲ ಎಂದು ಯೋಚಿಸಿದವರೂ ಉಂಟು. ಅಮೆರಿಕದ ಪೇಟೆಂಟ್ ಕಡತಗಳಲ್ಲಿ ಸ್ಪ್ರಿಂಗಿನ ಕೋಲಿನ ಹಲವು ನಕ್ಷೆಗಳು ಸಿಗುತ್ತವೆ. ವಿವರಗಳಲ್ಲಿ ಭೇದವಿದ್ದರೂ ತತ್ತ್ವವೊಂದೇ. ಕೋಲಿನ ಒಂದು ಭಾಗ ಟೊಳ್ಳು. ಅದರೊಳಗೆ ಉಕ್ಕಿನ ಸ್ಪ್ರಿಂಗು. ಚರ್ಮದ ತುದಿಯುಳ್ಳ ದಂಡವನ್ನು ಹಿಂದಕ್ಕೆ ಎಳೆದರೆ ಸ್ಪ್ರಿಂಗು ಅಮರಿ ಕೂರುತ್ತದೆ. ಕೊಕ್ಕೆಯೊಂದು ಅದನ್ನು ಹಿಡಿದಿಡುತ್ತದೆ. ಬಂದೂಕಿನ ಕುದುರೆಯನ್ನು ಎಳೆದಂತೆ ಕೊಕ್ಕೆಯನ್ನು ಬಿಡಿಸಿದರೆ ದಂಡ ಚಿಮ್ಮಿ ಚೆಂಡಿಗೆ ತಾಗುತ್ತದೆ. ತೋಳು ತೂಗಬೇಕಾಗಿಲ್ಲ, ಗುರಿ ಹಿಡಿದರೆ ಸಾಕು. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟು ಬಲ. ಎರಡು ಸಲ ಒಂದೇ ಅಳತೆಗೆ ಎಳೆದರೆ ಎರಡು ಸಲವೂ ಒಂದೇ ಏಟು.

ಬುದ್ಧಿವಂತಿಕೆಯ ಸಾಧನ, ಸಂಶಯವಿಲ್ಲ. ಆದರೂ ಪಂದ್ಯದ ಮೇಜಿನ ಬಳಿ ಅದಕ್ಕೆ ಪ್ರವೇಶ ದೊರೆಯಲಿಲ್ಲ. ಸ್ನೂಕರಿನ ನಿಯಮದಂತೆ ಕೋಲು ಮೂರು ಅಡಿಗಿಂತ, ಎಂದರೆ 914 ಮಿಲಿಮೀಟರಿಗಿಂತ, ಗಿಡ್ಡವಾಗಿರಬಾರದು. ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಸಾಂಪ್ರದಾಯಿಕ ಆಕಾರದಲ್ಲಿ ಬದಲಾವಣೆ ಕೂಡದು. ಹಳೆಯದನ್ನು ಬಿಡಲೊಲ್ಲದ ಕ್ಲಬ್ಬಿನ ಹಿರಿಯರ ಹಟ ಇದು ಎಂದು ನನಗೆ ಮೊದಲು ತೋರಿತ್ತು. ಹಾಗೆನ್ನೋಣವೆಂದರೆ ಅದೇ ಜನ ಚರ್ಮವನ್ನೂ ಸ್ಲೇಟನ್ನೂ ರಬ್ಬರನ್ನೂ ಸಂತೋಷದಿಂದ ಸ್ವೀಕರಿಸಿದವರು. ದಂತದ ಚೆಂಡಿಗೆ ಬದಲಾಗಿ ಪ್ಲಾಸ್ಟಿಕ್ಕಿನ ಚೆಂಡು ಬಂದಾಗಲೂ ಬೇಡವೆನ್ನದವರು. ಯಂತ್ರವೆಂಬ ಹೆಸರಿಗೆ ಅವರು ಹೆದರಿದವರಲ್ಲ.

ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಸಂಗೀತದ ಕಡೆಯಿಂದ. ನಾನು ಮಾತನಾಡುತ್ತಿರುವ ಈ ಆಕಾಶವಾಣಿಯಲ್ಲಿಯೇ 1940ರಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ನಿಷೇಧ ಬಿತ್ತು. 1971ರಲ್ಲಿ ಅದನ್ನು ಭಾಗಶಃ ಸಡಿಲಿಸಿದರು. ಹಾರ್ಮೋನಿಯಂ ಮಾಡಿದ ಅಪರಾಧವೇನು? ಒಂದು ಮನೆಯನ್ನು ಒತ್ತಿದರೆ ಒಂದೇ ಸ್ವರ, ಪ್ರತಿಸಲವೂ ಅದೇ ಸ್ವರ. ಸ್ವರದಿಂದ ಸ್ವರಕ್ಕೆ ಜಾರುವ ಗಮಕಕ್ಕೆ, ಮೀಂಡಿಗೆ ಅಲ್ಲಿ ಎಡೆಯಿಲ್ಲ. ತಪ್ಪದಿರುವುದೇ ಅದರ ಗುಣ, ಅದೇ ಅದರ ಮಿತಿ. ಸ್ಪ್ರಿಂಗಿನ ಕೋಲಿಗೂ ಈ ಮಾತು ಸಲ್ಲುತ್ತದೆ. ಏಟಿನ ಬಲವನ್ನು ಅದು ತಪ್ಪದೆ ಅಳೆದುಕೊಡುತ್ತದೆ. ಆದರೆ ಚೆಂಡನ್ನು ಮುಟ್ಟುವ ಮುನ್ನ ಒಂದು ಕೂದಲೆಳೆಯಷ್ಟು ತಡೆದು, ಮುಟ್ಟಿದ ಮೇಲೆ ನಯವಾಗಿ ಮುಂದೆ ಸಾಗುವ ತೋಳಿನ ನಡೆ ಅದಕ್ಕೆ ಬಾರದು. ಚರ್ಮದ ತುದಿ ಕೈಯ ಮಾತನ್ನು ಚೆಂಡಿಗೆ ಮುಟ್ಟಿಸಿತು. ಸ್ಪ್ರಿಂಗು ಕೈಯನ್ನು ಸುಮ್ಮನಿರಿಸಿ ತಾನೇ ಮಾತನಾಡಿತು.

ಚರ್ಚೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. ಒಂದು ಕೈ ಇಲ್ಲದವನು, ಪಾರ್ಶ್ವವಾಯುವಿನಿಂದ ತೋಳು ಸೋತವನು ಈ ಮೇಜಿನ ಮುಂದೆ ನಿಂತರೆ ಅವನಿಗೆ ನಾವು ಗಮಕದ ಉಪನ್ಯಾಸ ಮಾಡೋಣವೇ? ಮೇಲೆ ಹೇಳಿದ ವಾದವೆಲ್ಲ ಎರಡು ಕೈ ಇದ್ದವರ ವಾದ. ತೋಳು ತೂಗಲಾರದವನಿಗೆ ಸ್ಪ್ರಿಂಗು ಕೈಯನ್ನು ಕಿತ್ತುಕೊಳ್ಳುವುದಿಲ್ಲ, ಇಲ್ಲದ ಕೈಯನ್ನು ಕೊಡುತ್ತದೆ. ಎಲ್ಲಿಗೆ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಮುಂದಿನ ಏಟಿಗೆ ಚೆಂಡು ಎಲ್ಲಿ ಬಂದು ನಿಲ್ಲಬೇಕು ಎಂಬ ಆಲೋಚನೆ ಅವನದೇ. ಅಲ್ಲದೆ ಎರಡು ಕೈ ಇದ್ದವರಿಗೂ ಆಟ ಒಂದು ಊರುಗೋಲನ್ನು ಕೊಟ್ಟೇ ಇದೆ. ಹನ್ನೆರಡು ಅಡಿ ಉದ್ದದ ಮೇಜಿನ ನಡುವಿನ ಚೆಂಡು ಕೈಗೆ ಎಟುಕದಾಗ, ತುದಿಯಲ್ಲಿ ಗುಣಾಕಾರದ ಗುರುತಿನಂಥ ತಲೆಯುಳ್ಳ ‘ರೆಸ್ಟ್’ ಎಂಬ ಕೋಲನ್ನು ಇರಿಸಿ ಅದರ ಮೇಲೆ ಕ್ಯೂವನ್ನು ಊರಿ ಹೊಡೆಯುತ್ತಾರೆ. ಅಮೆರಿಕದವರು ಇದನ್ನು ಕರೆಯುವುದೇ ಯಂತ್ರದ ಸೇತುವೆ ಎಂದು. ಅದನ್ನು ಬಳಸಿದವನನ್ನು ಯಾರೂ ಹಂಗಿಸುವುದಿಲ್ಲ. ಅಂಗವಿಕಲ ಆಟಗಾರರಿಗಾಗಿಯೇ ಒಂದು ಜಾಗತಿಕ ಬಿಲಿಯರ್ಡ್ಸ್–ಸ್ನೂಕರ್ ಸಂಸ್ಥೆ 2015ರಲ್ಲಿ ಸ್ಥಾಪನೆಯಾಯಿತು. ಅವರವರ ದೇಹಸ್ಥಿತಿಗೆ ತಕ್ಕಂತೆ ಗುಂಪು ಮಾಡಿ ಅದು ಪಂದ್ಯಗಳನ್ನು ನಡೆಸುತ್ತದೆ. ಆಟದ ಬಾಗಿಲು ಅಗಲವಾಗಲು ಹಿಡಿದ ಕಾಲ ದೀರ್ಘವಾಯಿತೆಂದೇ ಹೇಳಬೇಕು.

ಈ ಕೋಲಿಗೂ ನಮಗೂ ನಂಟಿದೆ. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆಯಂಥ ಮರ ಕ್ಯೂವಿನ ಬುಡಕ್ಕೆ ಒದಗುತ್ತದೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲಪುರದ ಸೈನ್ಯಾಧಿಕಾರಿಗಳ ನಡುವೆ; ನಿಯಮಗಳು ರೂಪುಗೊಂಡದ್ದು ಮೈಸೂರಿಗೆ ನೆರೆಯಾದ ಉದಕಮಂಡಲದ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ ಅರವಿಂದ ಸವೂರರ ಕೈಕೆಳಗೆ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಸ್ನೂಕರಿನ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದರು. ಆಮೇಲೆ ಬಿಲಿಯರ್ಡ್ಸಿನಲ್ಲೂ ಸ್ನೂಕರಿನಲ್ಲೂ ವಿಶ್ವ ಪ್ರಶಸ್ತಿಗಳನ್ನು ಪಡೆಯುತ್ತ ಬಂದರು. ಅವರ ಕೋಲಿನಲ್ಲಿ ಇರುವುದು ಮರ ಮತ್ತು ಮ್ಯಾಂಗೋ ಕೊಟ್ಟ ಚರ್ಮ. ಮಿಕ್ಕದ್ದು ವರ್ಷಗಳ ಅಭ್ಯಾಸ.

ಹೊಸ ಉಪಕರಣವೊಂದು ಎದುರಾದಾಗಲೆಲ್ಲ ನಾವು ಅದು ಯಂತ್ರವೋ ಅಲ್ಲವೋ ಎಂದು ಕೇಳುತ್ತೇವೆ. ಬಿಲಿಯರ್ಡ್ಸಿನ ಈ ಚಿಕ್ಕ ಚರಿತ್ರೆ ಬೇರೊಂದು ಪ್ರಶ್ನೆಯನ್ನು ಕಲಿಸುತ್ತದೆಂದು ನನ್ನ ನಂಬಿಕೆ. ಅದನ್ನು ಹಿಡಿದವನ ಕೈಗೆ ಅದು ಏನನ್ನು ಕೊಟ್ಟಿತು, ಏನನ್ನು ತೆಗೆದುಕೊಂಡಿತು? ಆಕಾಶವಾಣಿಯಲ್ಲಿ ಬಹಿಷ್ಕಾರವಿದ್ದ ಅದೇ ದಶಕಗಳಲ್ಲಿ ಹಾರ್ಮೋನಿಯಂ ನಮ್ಮ ಕಂಪನಿ ನಾಟಕಗಳ ರಂಗದ ಪಕ್ಕದಲ್ಲಿ ಕುಳಿತು ಎಷ್ಟೋ ನಟರ ಕಂಠವನ್ನು ಕಾಯ್ದಿತ್ತು. ಹಾಗೆಯೇ ಪಂದ್ಯದ ಮೇಜಿಗೆ ಬಾರದ ಸ್ಪ್ರಿಂಗಿನ ಕೋಲು ಎಲ್ಲಿಯೋ ಒಬ್ಬನ ಸೋತ ತೋಳಿಗೆ ಜೊತೆಯಾದರೆ, ಅದನ್ನು ರಚಿಸಿದವನ ಶ್ರಮ ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು?