ಪಾಠ ನೋಡಿ ಕೊಡುವ ಮನ್ನಣೆ: ಎಂಜಿನಿಯರಿಂಗ್ ಬೋಧನೆಯ ಶ್ರೇಷ್ಠತೆಯನ್ನು ಗುರುತಿಸುವ ಬಗೆ

ಎಂಜಿನಿಯರಿಂಗ್ ಅಧ್ಯಾಪಕರಿಗೆ ಈಗ ಪ್ರಶಸ್ತಿಗಳಿಗೇನೂ ಬರವಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಅತ್ಯುತ್ತಮ ಶಿಕ್ಷಕ ಪ್ರಶಸ್ತಿ ಕೊಟ್ಟಿದೆ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯ ವ್ಯಾಪ್ತಿಗೆ 2023ರಿಂದ ಉನ್ನತ ಶಿಕ್ಷಣದವರೂ ಬಂದಿದ್ದಾರೆ. ಸಂತೋಷದ ಸಂಗತಿಯೇ. ಆದರೆ ವರ್ಷಕ್ಕೆ ಬೆರಳೆಣಿಕೆಯ ಮಂದಿಗೆ ಸಿಗುವ ಪ್ರಶಸ್ತಿಯಿಂದ ಸಾವಿರಾರು ತರಗತಿಗಳ ದಿನನಿತ್ಯದ ಪಾಠಕ್ಕೆ ಬೆಲೆ ಬಂದಂತಾಗುವುದಿಲ್ಲ. ಆ ಬೆಲೆ ನಿಗದಿಯಾಗುವುದು ಬಡ್ತಿಯ ಕಡತದಲ್ಲಿ. ಅಲ್ಲಿ ಪಾಠವನ್ನೇ ಯಾರೂ ನೋಡುತ್ತಿಲ್ಲ ಎಂಬುದು ಈ ಲೇಖನದ ಆಕ್ಷೇಪ. ನೋಡಲು ದಾರಿಯಿದೆ ಎಂಬುದು ಅದರ ವಾದ.

ಎಐಸಿಟಿಇಯ 2019ರ ವೇತನ ಮತ್ತು ಸೇವಾ ನಿಯಮಾವಳಿಯಲ್ಲಿರುವ 360 ಡಿಗ್ರಿ ಮೌಲ್ಯಮಾಪನವನ್ನೇ ತೆಗೆದುಕೊಳ್ಳೋಣ. ನೂರು ಅಂಕಗಳಲ್ಲಿ ಬೋಧನಾ ಪ್ರಕ್ರಿಯೆಗೆ 25, ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ಗೆ 25. ಅರ್ಧ ತೂಕ ಪಾಠಕ್ಕೇ ಸಿಕ್ಕಿದೆ ಅನ್ನಿಸುತ್ತದೆ. ಆದರೆ ಬೋಧನಾ ಪ್ರಕ್ರಿಯೆಯ ಕೋಷ್ಟಕ ಕೇಳುವುದು ನಿಗದಿಯಾದ ತರಗತಿಗಳೆಷ್ಟು, ನಡೆದವೆಷ್ಟು ಎಂದು ಮಾತ್ರ. ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲೂ ಇದೇ ಕಥೆ. ‘ಬೋಧನೆ, ಕಲಿಕೆ ಮತ್ತು ಸಂಪನ್ಮೂಲ’ಕ್ಕೆ ಶೇ. 30 ತೂಕವಿದ್ದರೂ ಅದರೊಳಗೆ ಎಣಿಕೆಯಾಗುವುದು ವಿದ್ಯಾರ್ಥಿಗಳ ಸಂಖ್ಯೆ, ಅಧ್ಯಾಪಕರ ಅನುಪಾತ, ಅವರ ಪಿಎಚ್‌.ಡಿ. ಮತ್ತು ಅನುಭವ, ಸಂಸ್ಥೆಯ ಖರ್ಚು. ಬೇಕಾದವೇ ಇವೆಲ್ಲ, ಆದರೆ ಇವು ತರಗತಿಯ ಬಾಗಿಲವರೆಗೆ ಮಾತ್ರ ಬರುತ್ತವೆ.

ಒಳಗಿನ ಸುದ್ದಿ ತಿಳಿಯಲು ಉಳಿದದ್ದು ಫೀಡ್‌ಬ್ಯಾಕ್. ಅಧ್ಯಾಪಕರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಪ್ರಶ್ನೆ ಕೇಳಿದರೆ ಸಿಡುಕುತ್ತಾರೆಯೇ, ಬೋರ್ಡಿನ ಮೇಲೆ ಬರೆದದ್ದು ಕಾಣುತ್ತದೆಯೇ ಎಂಬುದಕ್ಕೆ ವಿದ್ಯಾರ್ಥಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಎಷ್ಟು ಕಲಿತೆ ಎಂಬ ಪ್ರಶ್ನೆಗೆ ಮಾತ್ರ ಆ ಸಾಕ್ಷ್ಯ ಸಾಲದು. ಅಮೆರಿಕದ ವಾಯುಪಡೆ ಅಕಾಡೆಮಿಯ ವಿದ್ಯಾರ್ಥಿಗಳ ಬಗ್ಗೆ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಕಡ್ಡಾಯ ವಿಷಯಗಳಿಗೆ ಸಿಲೆಬಸ್ ಒಂದೇ, ಪರೀಕ್ಷೆಯೂ ಒಂದೇ. ಯಾವ ವಿದ್ಯಾರ್ಥಿ ಯಾರ ತರಗತಿಗೆ ಎಂಬುದು ಮಾತ್ರ ಯಾದೃಚ್ಛಿಕ. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಅಂಕ ಬರುವಂತೆ ಮಾಡಿದ ಅಧ್ಯಾಪಕರಿಗೆ ಒಳ್ಳೆಯ ಫೀಡ್‌ಬ್ಯಾಕ್ ಸಿಕ್ಕಿತ್ತು. ಅದೇ ವಿದ್ಯಾರ್ಥಿಗಳು ಅದರ ಮೇಲೆ ನಿಂತ ಮುಂದಿನ ಕೋರ್ಸುಗಳಲ್ಲಿ ಸರಾಸರಿಯಲ್ಲಿ ಹಿಂದೆ ಬಿದ್ದರು. ಅನುಭವಿಗಳ ಕೈಯಲ್ಲಿ ಕಲಿತವರಿಗೆ ಆ ಹೊತ್ತಿನ ಅಂಕ ಕಡಿಮೆ, ಮುಂದಿನ ಹಾದಿ ಗಟ್ಟಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಪಾಠ ಮಾಡಿದವರಿಗೆ ಇದು ದೂರದ ಮಾತೆನಿಸದು. ಇಲ್ಲೂ ಸಿಲೆಬಸ್ ಒಂದೇ, ಸೆಮಿಸ್ಟರ್ ಕೊನೆಯ ಪ್ರಶ್ನೆಪತ್ರಿಕೆ ಒಂದೇ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ, ‘ಇದು ಬಂದೇ ಬರುತ್ತದೆ’ ಎಂದು ಗುರುತು ಹಾಕಿಕೊಟ್ಟರೆ ರಿಸಲ್ಟ್ ಏರುತ್ತದೆ, ಫೀಡ್‌ಬ್ಯಾಕ್ ಕೂಡ. ಮೂರನೆಯ ಸೆಮಿಸ್ಟರಿನ ಆ ವಿಷಯ ಐದನೆಯದರಲ್ಲಿ ಎಷ್ಟು ಉಳಿಯಿತು ಎಂದು ಲೆಕ್ಕ ಇಡುವವರಿಲ್ಲ. ನಮ್ಮ ಕಾಲೇಜುಗಳ ಪ್ರವೇಶ ಯಾದೃಚ್ಛಿಕವಲ್ಲವಾದ್ದರಿಂದ ಅಂಕಗಳನ್ನು ನೇರ ಹೋಲಿಸಿ ಅಧ್ಯಾಪಕರಿಗೆ ರ‍್ಯಾಂಕ್ ಕೊಡುವುದು ಅನ್ಯಾಯವಾದೀತು. ಹಾಗಾದರೆ ನೋಡಬೇಕಾದದ್ದು ಏನನ್ನು?

ಸಿವಿಲ್ ವಿಭಾಗದ ಒಂದು ಸಾಧಾರಣ ಪಾಠ ಇಲ್ಲಿದೆ. ತೊಲೆಯ ಬಾಗುವಿಕೆಯ ರೇಖಾಚಿತ್ರವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗೆ, ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಮುಖ್ಯ ಕಂಬಿ ಎಲ್ಲಿರಬೇಕು ಎಂದು ಕೇಳಿ ನೋಡಿ. ಹಲವರು ‘ಕೆಳಗೆ’ ಎನ್ನುತ್ತಾರೆ. ಎರಡೂ ತುದಿಗೆ ಆಧಾರವಿರುವ ತೊಲೆ ಅವರ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಹೊರಚಾಚಿದ್ದರಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ, ಕಂಬಿಯೂ ಅಲ್ಲೇ ಇರಬೇಕು. (ಕಾಂಕ್ರೀಟ್ ಹಾಕುವವರು ಮೇಲಿನ ಕಂಬಿಯನ್ನು ತುಳಿದು ಕೆಳಗಿಳಿಸದಂತೆ ಸೈಟಿನಲ್ಲಿ ಕಾಯಬೇಕಾದದ್ದೂ ಇದಕ್ಕೇ.) ಈ ತಪ್ಪನ್ನು ಇಂಟರ್ನಲ್ಸ್ ಉತ್ತರಗಳಲ್ಲಿ ಗಮನಿಸಿದ ಅಧ್ಯಾಪಕಿಯೊಬ್ಬರು ಮುಂದಿನ ವರ್ಷ ಸೂತ್ರ ಬರೆಯುವ ಮೊದಲು ಒಂದು ಸ್ಪಂಜಿನ ಪಟ್ಟಿ ತರುತ್ತಾರೆ ಎಂದುಕೊಳ್ಳೋಣ. ಅದರ ಪಕ್ಕಕ್ಕೆ ಸಮಾನ ಅಂತರದ ಗೆರೆಗಳು. ಒಂದು ತುದಿಯನ್ನು ಮೇಜಿಗೆ ಒತ್ತಿಹಿಡಿದು ಇನ್ನೊಂದನ್ನು ಕೆಳಕ್ಕೆ ಬಾಗಿಸಿದಾಗ ಗೆರೆಗಳು ಮೇಲೆ ಅಗಲುತ್ತವೆ, ಕೆಳಗೆ ಕೂಡುತ್ತವೆ. ಆಮೇಲೆ ಅದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಿ ಎರಡೂ ವರ್ಷದ ಉತ್ತರಗಳನ್ನು ಎದುರುಬದುರು ಇಡುತ್ತಾರೆ. ಶ್ರೇಷ್ಠ ಬೋಧನೆಯ ಪುರಾವೆ ಎಂದು ನಾನು ಕರೆಯುವುದು ಇದನ್ನು: ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂಬ ಅರಿವು, ಅದಕ್ಕೆ ತಕ್ಕ ಬದಲಾವಣೆ, ಬದಲಾದದ್ದೇನೆಂಬ ದಾಖಲೆ. ಇಂಥ ಬದಲಾವಣೆಗೆ ಫಲವಿದೆ ಎಂಬುದಕ್ಕೆ ಆಧಾರವೂ ಉಂಟು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸ ಕೇಳಿದವರಲ್ಲಿ ಅನುತ್ತೀರ್ಣರಾದವರು ಶೇ. 33.8, ತರಗತಿಯಲ್ಲಿ ತಾವೇ ತೊಡಗಿ ಕಲಿತವರಲ್ಲಿ ಶೇ. 21.8.

ಇಂಥ ಪುರಾವೆಯನ್ನೇ ಮನ್ನಣೆಯ ಆಧಾರವಾಗಿಸಿಕೊಂಡ ಸಂಸ್ಥೆ ಸ್ವೀಡನ್ನಿನಲ್ಲಿದೆ. ಲುಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ನಿಕಾಯ 2001ರಲ್ಲಿ ಬೋಧನಾ ಅಕಾಡೆಮಿಯನ್ನು ಆರಂಭಿಸಿತು. ಅಧ್ಯಾಪಕರು ತಮ್ಮ ಬೋಧನೆಯನ್ನು ಉದಾಹರಣೆಗಳೊಡನೆ ಬರೆದು ಸಲ್ಲಿಸುತ್ತಾರೆ, ವಿಭಾಗದ ಮುಖ್ಯಸ್ಥರ ಅಭಿಪ್ರಾಯ ಜೊತೆಗಿರುತ್ತದೆ, ಸಂದರ್ಶನವೂ ನಡೆಯುತ್ತದೆ. ನೋಡುವುದು ಮೂರು ಸಂಗತಿ: ಗಮನ ವಿದ್ಯಾರ್ಥಿಯ ಕಲಿಕೆಯ ಮೇಲಿದೆಯೇ, ಬೋಧನೆ ಕಾಲಕ್ರಮದಲ್ಲಿ ಬೆಳೆದಿದೆಯೇ, ಅದರ ಹಿಂದೆ ವಿದ್ವತ್ತಿನ ಶಿಸ್ತಿದೆಯೇ. ಆಯ್ಕೆಯಾದವರಿಗೆ ಸಂಬಳ ಏರುತ್ತದೆ. ಅವರ ವಿಭಾಗಕ್ಕೂ ಹೆಚ್ಚಿನ ಅನುದಾನ ಸಿಗುತ್ತದೆ. ನನಗೆ ಬಹಳ ಮುಖ್ಯವೆನಿಸುವುದು ಈ ಕೊನೆಯ ಅಂಶ. ಒಬ್ಬರ ಒಳ್ಳೆಯ ಪಾಠದಿಂದ ಇಡೀ ವಿಭಾಗಕ್ಕೆ ಲಾಭವಾದರೆ, ಎಚ್‌ಒಡಿಗೆ ಅಂಥವರನ್ನು ಕೆಲಸದ ಹೊರೆಯಿಂದ ಕಾಪಾಡಲು ಕಾರಣ ಸಿಗುತ್ತದೆ, ಸಹೋದ್ಯೋಗಿಗಳ ಅಸೂಯೆಗೆ ಆಸ್ಪದ ಕಡಿಮೆಯಾಗುತ್ತದೆ.

ಇದನ್ನು ಇಲ್ಲಿಗೆ ತರಲು ಹೊಸ ದಫ್ತರವೇನೂ ಬೇಡ. ಎನ್‌ಬಿಎ ಮಾನ್ಯತೆಗಾಗಿ ಪ್ರತಿ ವಿಷಯಕ್ಕೂ ಕೋರ್ಸ್ ಫೈಲ್ ಇದೆ. ಅದರಲ್ಲಿ ಕಲಿಕಾ ಫಲಿತಗಳ ಶೇಕಡಾವಾರು ಕೋಷ್ಟಕಗಳು ತುಂಬಿವೆ. ಆ ಕೋಷ್ಟಕಗಳ ಜೊತೆಗೆ, ಎಡವಿದ ಒಂದು ಜಾಗ, ಮಾಡಿದ ಒಂದು ಬದಲಾವಣೆ, ಮೊದಲಿನ ಮತ್ತು ನಂತರದ ಉತ್ತರಪತ್ರಿಕೆಗಳು ಎಂದು ನಾಲ್ಕು ಪುಟ ಸೇರಿಸಿದರೆ ಓದಲು ವಸ್ತು ಸಿಕ್ಕಂತಾಯಿತು. ತಮ್ಮದೇ ಪ್ರಶ್ನೆಪತ್ರಿಕೆ ತಯಾರಿಸುವ ಸ್ವಾಯತ್ತ ಕಾಲೇಜುಗಳು ಇದನ್ನು ಮೊದಲು ಮಾಡಬಹುದು. ಓದುವವರು ಅದೇ ವಿಷಯ ಬಲ್ಲ, ಬೇರೆ ಕಾಲೇಜಿನವರಾಗಿರಬೇಕು. ಆಡಳಿತ ಮಂಡಳಿಯವರಾಗಲಿ ಪ್ರಿನ್ಸಿಪಾಲರಾಗಲಿ ಅಲ್ಲ. ಜೊತೆಗೆ, ಅದೇ ವಿದ್ಯಾರ್ಥಿಗಳಿಗೆ ಮುಂದಿನ ಕೋರ್ಸ್ ಪಾಠ ಮಾಡುವವರ ಲಿಖಿತ ಅಭಿಪ್ರಾಯವನ್ನು ಕಡ್ಡಾಯ ಮಾಡಬೇಕು. ಕಾಂಕ್ರೀಟ್ ವಿನ್ಯಾಸ ಕಲಿಸುವವರಿಗೆ, ತೊಲೆಯ ಪಾಠ ಯಾವ ಸೆಕ್ಷನ್ನಿನಲ್ಲಿ ಗಟ್ಟಿಯಾಗಿ ಆಗಿತ್ತು ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಅವರನ್ನು ಇದುವರೆಗೆ ಯಾವ ನಮೂನೆಯೂ ಕೇಳಿಲ್ಲ.