ಅಹ್ಮದ್ ಖಾನರ ಬಾವಿ

ಹಂಪಿ ಬಜಾರ್‌ಗೆ ಹೋದ ನಮ್ಮವರು ವಿರೂಪಾಕ್ಷ ಗುಡಿಯ ಗೋಪುರ, ಕಲ್ಲಿನ ರಥ ನೋಡಿ ಮರಳುತ್ತಾರೆ. ತಳವಾರಘಟ್ಟದ ಕಡೆಯಿರುವ ಅಹ್ಮದ್ ಖಾನರ ಮಸೀದಿಯತ್ತ ತಿರುಗುವವರು ಕಡಿಮೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಸರದಾರರು 1439ರಲ್ಲಿ ಅದನ್ನು ಕಟ್ಟಿಸಿದರು. ಶಾಸನದಲ್ಲಿ ಅದರ ಹೆಸರು ‘ಧರ್ಮಸಾಲೆ’. ಹತ್ತಿರವೇ ಬಾವಿ. ವುಝೂ ಮಾಡುವವನಿಗೂ ನೀರು ಬೇಕು, ದಾರಿಹೋಕನಿಗೂ ಬೇಕು.

1443ರಲ್ಲಿ ಹಿರಾತಿನ ದೊರೆ ಶಾಹ್ ರುಖ್‌ನ ರಾಯಭಾರಿ ಅಬ್ದುರ್ರಝಾಕ್ ಈ ನಗರಕ್ಕೆ ಬಂದರು. ನಯಗೊಳಿಸಿದ ಕಲ್ಲುಕಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬರೆದಿಟ್ಟರು. ತುಂಗಭದ್ರೆಯಿಂದ ಬರುವ ಅಂದಿನ ತುರ್ತು ಕಾಲುವೆ ಇಂದಿಗೂ ಬಾಳೆ ತೋಟಗಳಿಗೆ ನೀರುಣಿಸುತ್ತಿದೆ. ಇಂಥ ಬಿಸಿಲಿನ ಸೀಮೆಯಲ್ಲಿ ನೀರು ಕೈಗೆಟುಕಿದರೆ ತಾನೇ ಕುಡಿಯುವುದು!

ದಿನಕ್ಕೆ ಎಷ್ಟು ಕುಡಿಯಬೇಕೆಂದು ಜುಮಾ ಮುಗಿದ ಮೇಲೆ ನಮ್ಮನ್ನು ಕೇಳುವವರಿದ್ದಾರೆ. ಪ್ರವಾದಿವರ್ಯರು(ಸ) ಲೋಟದ ಲೆಕ್ಕ ಹೇಳಲಿಲ್ಲ. ಹೊಟ್ಟೆಯ ಮೂರರಲ್ಲೊಂದು ಪಾಲನ್ನು ಪಾನೀಯಕ್ಕೆ ಬಿಡಲು ಕಲಿಸಿದರು (ತಿರ್ಮಿದಿ). ಎರಡು, ಎರಡೂವರೆ ಲೀಟರ್ ಎಂಬ ಮಾತು ರೂಢಿಯಲ್ಲಿದೆ. ಬಿಸಿಲಲ್ಲಿ ದುಡಿಯುವವನಿಗೆ ಅಷ್ಟು ಸಾಲದು. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನೇ ಕೇಳಬೇಕು. ಆದರೆ ನಮ್ಮ ಹೆಂಗಸರು ಹೊರಗೆ ಹೋದಾಗ ಶೌಚಾಲಯ ಸಿಗದೆಂದು ಬಾಯಾರಿಕೆಯನ್ನೇ ತಡೆದುಕೊಳ್ಳುತ್ತಾರೆ. ಅದನ್ನು ನಾವು ಸಬ್ರ್ ಎನ್ನಲಾರೆವು. ಈ ಬೇಸಿಗೆಯಲ್ಲಿ ಮಸೀದಿ ಗೇಟಿನ ಬಳಿ ನೀರಿನ ಮಡಕೆ ಇಡುವ ಜಮಾಅತ್‌ನವರು ಹೆಂಗಸರ ಶೌಚಾಲಯದ ಬೀಗವನ್ನೂ ತೆಗೆಸಲಿ.