ಕೆನಡಾ ಕಾಯಂ ನಿವಾಸದ ಅರ್ಜಿ: ಅವಲಂಬಿತ ಮಕ್ಕಳ ವೈದ್ಯಕೀಯ ಪರೀಕ್ಷೆ

ಕೆನಡಾ ದೇಶದಲ್ಲಿ ಕಾಯಂ ನಿವಾಸ ಕೋರಿ ಅರ್ಜಿ ಸಲ್ಲಿಸುವವರ ಪ್ರತಿಯೊಬ್ಬ ಅವಲಂಬಿತ ಮಗುವೂ ವಲಸೆ ವೈದ್ಯಕೀಯ ಪರೀಕ್ಷೆಗೆ ಒಳಪಡುವುದು ಕಡ್ಡಾಯವಾಗಿರುತ್ತದೆ. ಮಗು ಸದ್ಯಕ್ಕೆ ಜೊತೆಯಲ್ಲಿ ಹೋಗದೆ, ಊರಿನಲ್ಲಿ ಅಜ್ಜ ಅಜ್ಜಿಯರ ಬಳಿ ಇದ್ದು ವ್ಯಾಸಂಗ ಮುಂದುವರಿಸುವುದಾದರೂ ಈ ನಿಯಮ ಅನ್ವಯಿಸುತ್ತದೆ. ಈಗಾಗಲೇ ಕೆನಡಾದ ಪೌರತ್ವ ಅಥವಾ ಕಾಯಂ ನಿವಾಸ ಹೊಂದಿರುವ ಮಗುವಿಗೆ ಮಾತ್ರ ಇದರ ಅಗತ್ಯವಿಲ್ಲ. ಪರೀಕ್ಷೆಯನ್ನು ಕಡೆಗಣಿಸಿದಲ್ಲಿ ಮಗುವನ್ನು ಮುಂದೆ ಕರೆಸಿಕೊಳ್ಳುವ ಅವಕಾಶವೇ ತಪ್ಪಿಹೋಗಬಹುದಾದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅವಲಂಬಿತ ಮಗು ಎಂದರೆ ಯಾರು?

22 ವರ್ಷ ತುಂಬದ, ವಿವಾಹವಾಗದ ಹಾಗೂ ಸಂಗಾತಿಯೊಡನೆ ಸಹಜೀವನ ನಡೆಸದ ಮಗ ಅಥವಾ ಮಗಳು. ಈ ವಯೋಮಿತಿಯು 2017ರ ಅಕ್ಟೋಬರ್ 24ರಿಂದ ಜಾರಿಯಲ್ಲಿದೆ. ದೈಹಿಕ ಅಥವಾ ಮಾನಸಿಕ ಸ್ಥಿತಿಯ ಕಾರಣದಿಂದ ಸ್ವಂತ ಸಂಪಾದನೆ ಸಾಧ್ಯವಾಗದೆ, 22 ವರ್ಷಕ್ಕೆ ಮೊದಲಿನಿಂದಲೂ ತಂದೆ ತಾಯಿಯರ ಆರ್ಥಿಕ ಆಸರೆಯಲ್ಲಿರುವವರು ಆ ವಯಸ್ಸು ಮೀರಿದ ನಂತರವೂ ಅವಲಂಬಿತರೇ ಆಗಿರುತ್ತಾರೆ. ದತ್ತು ಮಕ್ಕಳು ಹಾಗೂ ಸಂಗಾತಿಯ ಹಿಂದಿನ ವಿವಾಹದ ಮಕ್ಕಳೂ ಇದರಲ್ಲಿ ಸೇರುತ್ತಾರೆ.

ವಯಸ್ಸಿಗೆ ಅನುಗುಣವಾದ ಪರೀಕ್ಷೆಗಳು

1. ಎಲ್ಲಾ ಮಕ್ಕಳಿಗೆ: ಹಿಂದಿನ ಕಾಯಿಲೆಗಳ ವಿಚಾರಣೆ ಮತ್ತು ದೈಹಿಕ ತಪಾಸಣೆ.
2. 5 ವರ್ಷ ಮತ್ತು ಮೇಲ್ಪಟ್ಟವರಿಗೆ: ಮೂತ್ರ ಪರೀಕ್ಷೆ.
3. 11 ವರ್ಷ ಮತ್ತು ಮೇಲ್ಪಟ್ಟವರಿಗೆ: ಎದೆಯ ಎಕ್ಸ್‌-ರೇ. ಕ್ಷಯರೋಗವನ್ನು ಪತ್ತೆಹಚ್ಚುವುದು ಇದರ ಮುಖ್ಯ ಉದ್ದೇಶ.
4. 15 ವರ್ಷ ಮತ್ತು ಮೇಲ್ಪಟ್ಟವರಿಗೆ: ಎಚ್‌ಐವಿ ಮತ್ತು ಸಿಫಿಲಿಸ್ ಸೇರಿದಂತೆ ರಕ್ತ ಪರೀಕ್ಷೆಗಳು.

ಅಗತ್ಯವೆನಿಸಿದಲ್ಲಿ ಹೆಚ್ಚಿನ ಪರೀಕ್ಷೆಗೆ ಅಥವಾ ತಜ್ಞ ವೈದ್ಯರ ವರದಿಗೆ ಸೂಚಿಸಬಹುದು.

ಪರೀಕ್ಷೆಯನ್ನು ಎಲ್ಲಿ, ಯಾವಾಗ ಮಾಡಿಸಬೇಕು?

ಕೆನಡಾದ ವಲಸೆ, ನಿರಾಶ್ರಿತರು ಮತ್ತು ಪೌರತ್ವ ಇಲಾಖೆಯು ಮಾನ್ಯ ಮಾಡಿದ ಪಟ್ಟಿಯಲ್ಲಿರುವ ವೈದ್ಯರು ಮಾತ್ರ ಈ ಪರೀಕ್ಷೆ ನಡೆಸಲು ಅರ್ಹರು. ಬೆಂಗಳೂರಿನಲ್ಲಿಯೂ ಇಂತಹ ವೈದ್ಯರಿದ್ದಾರೆ. ಕುಟುಂಬ ವೈದ್ಯರು ನೀಡುವ ಪ್ರಮಾಣಪತ್ರವನ್ನು ಇದಕ್ಕೆ ಬದಲಾಗಿ ಪರಿಗಣಿಸಲಾಗುವುದಿಲ್ಲ. ಎಕ್ಸ್‌ಪ್ರೆಸ್ ಎಂಟ್ರಿ ಮೂಲಕ ಅರ್ಜಿ ಸಲ್ಲಿಸುವವರು 2025ರ ಆಗಸ್ಟ್ 21ರಿಂದ ಅರ್ಜಿ ಸಲ್ಲಿಕೆಗೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಇಲಾಖೆಯಿಂದ ಸೂಚನಾ ಪತ್ರ ಬಂದ ಬಳಿಕ ಪರೀಕ್ಷೆಗೆ ಹೋಗುವವರು 30 ದಿನಗಳೊಳಗೆ ಹಾಜರಾಗತಕ್ಕದ್ದು. ಫಲಿತಾಂಶವು 12 ತಿಂಗಳು ಮಾನ್ಯವಾಗಿರುತ್ತದೆ.

ಮಗುವಿನ ಪಾಸ್‌ಪೋರ್ಟ್, ಸೂಚನಾ ಪತ್ರವಿದ್ದಲ್ಲಿ ಅದು, ಹಿಂದಿನ ಚಿಕಿತ್ಸೆಯ ದಾಖಲೆಗಳು, ಸೇವಿಸುತ್ತಿರುವ ಔಷಧಿಗಳ ಪಟ್ಟಿ ಮತ್ತು ಕನ್ನಡಕವನ್ನು ಕೊಂಡೊಯ್ಯಬೇಕು. ಶುಲ್ಕವನ್ನು ಅರ್ಜಿದಾರರೇ ಭರಿಸಬೇಕು. ಅರ್ಜಿ ತಿರಸ್ಕೃತವಾದರೂ ಈ ಹಣ ಮರಳಿ ದೊರೆಯುವುದಿಲ್ಲ.

ಫಲಿತಾಂಶದ ಪರಿಣಾಮ

ಅಂತಿಮ ನಿರ್ಣಯ ಕೈಗೊಳ್ಳುವುದು ಕೆನಡಾದ ವಲಸೆ ಇಲಾಖೆಯೇ ಹೊರತು ಪರೀಕ್ಷಿಸಿದ ವೈದ್ಯರಲ್ಲ. ಉದ್ಯೋಗ ಮತ್ತು ಕೌಶಲ ಆಧಾರಿತ ವರ್ಗಗಳಲ್ಲಿ, ಮಗುವಿನ ಚಿಕಿತ್ಸೆಯಿಂದ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಮೇಲೆ ಮಿತಿಮೀರಿದ ಹೊರೆ ಬೀಳುವುದೆಂದು ಕಂಡುಬಂದಲ್ಲಿ ಇಡೀ ಕುಟುಂಬದ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಆದರೆ 2018ರ ಜೂನ್ 1ರಿಂದ ವೆಚ್ಚದ ಮಿತಿಯನ್ನು ಹಿಂದಿನದಕ್ಕಿಂತ ಮೂರು ಪಟ್ಟು ಹೆಚ್ಚಿಸಲಾಗಿದ್ದು, ವಿಶೇಷ ಶಿಕ್ಷಣದ ವೆಚ್ಚವನ್ನು ಲೆಕ್ಕದಿಂದ ಕೈಬಿಡಲಾಗಿದೆ. ತಿರಸ್ಕರಿಸುವ ಮುನ್ನ ಕಾರಣಗಳನ್ನು ತಿಳಿಸುವ ಪತ್ರ ಕಳುಹಿಸಲಾಗುತ್ತದೆ. ಅದಕ್ಕೆ ದಾಖಲೆಗಳೊಂದಿಗೆ ಉತ್ತರ ನೀಡಲು ಅವಕಾಶವಿದೆ. ಕೆನಡಾದಲ್ಲಿರುವ ತಂದೆ ಅಥವಾ ತಾಯಿ ಪ್ರಾಯೋಜಕರಾಗಿ ಕರೆಸಿಕೊಳ್ಳುವ ಮಗುವಿಗೆ ಈ ಹೊರೆಯ ನಿಯಮ ಅನ್ವಯಿಸುವುದಿಲ್ಲ.

ಜೊತೆಯಲ್ಲಿ ಹೋಗದ ಮಗು: ವಿಶೇಷ ಗಮನಕ್ಕೆ

ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ವಿನಿಯಮ 117(9)(ಡಿ) ಪ್ರಕಾರ, ಅರ್ಜಿಯ ಕಾಲದಲ್ಲಿ ಹೆಸರು ತೋರಿಸದ ಅಥವಾ ಪರೀಕ್ಷೆಗೆ ಒಳಪಡಿಸದ ಮಗುವನ್ನು ನಂತರ ಕುಟುಂಬ ವರ್ಗದಡಿ ಪ್ರಾಯೋಜಿಸಲು ಬರುವುದಿಲ್ಲ. 2019ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಾತ್ಕಾಲಿಕ ನೀತಿಯೊಂದು, ನಿರಾಶ್ರಿತರಾಗಿ ಹೋದವರು ಮುಂತಾದ ಕೆಲವರಿಗೆ ಮಾತ್ರ ಸಡಿಲಿಕೆ ನೀಡಿತು. ಕೌಶಲ ಆಧಾರದ ಮೇಲೆ ಹೋದವರನ್ನು ಅದು ಒಳಗೊಳ್ಳಲಿಲ್ಲ. ಮಗುವಿನ ವಿಷಯವನ್ನು ಮರೆಮಾಚಿದ್ದು ಸುಳ್ಳು ಮಾಹಿತಿಯೆಂದು ತೀರ್ಮಾನವಾದಲ್ಲಿ 5 ವರ್ಷಗಳ ನಿರ್ಬಂಧಕ್ಕೂ ಗುರಿಯಾಗಬೇಕಾಗುತ್ತದೆ.

ವಿಚ್ಛೇದನದ ನಂತರ ಮಗು ಮಾಜಿ ಸಂಗಾತಿಯ ಸುಪರ್ದಿನಲ್ಲಿದ್ದರೂ ಹೆಸರನ್ನು ನಮೂದಿಸಿ ಪರೀಕ್ಷೆ ಮಾಡಿಸತಕ್ಕದ್ದು. ಅವರು ಒಪ್ಪದಿದ್ದಲ್ಲಿ, ಮಾಡಿದ ಪ್ರಯತ್ನಗಳ ಪತ್ರಗಳನ್ನು ಮತ್ತು ನ್ಯಾಯಾಲಯದ ಆದೇಶದ ಪ್ರತಿಯನ್ನು ವಲಸೆ ಅಧಿಕಾರಿಗೆ ಸಲ್ಲಿಸಬೇಕು. ಅರ್ಜಿ ಸಲ್ಲಿಸಿದ ನಂತರ, ಕಾಯಂ ನಿವಾಸಿಯಾಗುವ ಮುನ್ನ ಜನಿಸಿದ ಮಗುವಿನ ವಿವರವನ್ನೂ ಕೂಡಲೇ ತಿಳಿಸಿ, ಪರೀಕ್ಷೆ ಮುಗಿದ ನಂತರವೇ ಪ್ರಯಾಣ ಕೈಗೊಳ್ಳತಕ್ಕದ್ದು.

ಅರ್ಜಿದಾರರು ಪ್ರತಿಯೊಬ್ಬ ಮಗುವಿನ ಹೆಸರು ನಮೂದಾಗಿರುವುದನ್ನೂ ಪರೀಕ್ಷೆ ಪೂರ್ಣಗೊಂಡಿರುವುದನ್ನೂ ಖಚಿತಪಡಿಸಿಕೊಂಡು, ಪರೀಕ್ಷೆಗೆ ಹಾಜರಾದ ಬಗ್ಗೆ ವೈದ್ಯರು ನೀಡುವ ದೃಢೀಕರಣ ಪತ್ರದ ಪ್ರತಿಯನ್ನು ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.